ತುತ್ತೆತ್ತುವ ಕೈಯ ದಣಿವು

ಸೊಂಟ ಮತ್ತು ಭುಜದ ಸುತ್ತಲಿನ ಸ್ನಾಯುಗಳನ್ನು ಮೊದಲು ಸವೆಸುವ ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೋಫಿ ನನಗಿದೆಯೆಂದು ತಿಳಿಯುವ ಮೊದಲೇ ನನ್ನ ಊಟ ಹದಗೆಟ್ಟಿತ್ತು. ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಎಂಬ ಕಿಣ್ವ ಹೆಚ್ಚಿದ್ದುದನ್ನು ನೋಡಿದ ವೈದ್ಯರೊಬ್ಬರು ಅದನ್ನು ಯಕೃತ್ತಿನ ದೋಷವೆಂದು ಬಗೆದು ಪಥ್ಯ ಹೇಳಿದರು. ಎಣ್ಣೆ, ಶೇಂಗಾ, ತತ್ತಿಗಳನ್ನು ಬಿಟ್ಟು ನಾನು ಆರು ತಿಂಗಳು ಬರೀ ಗಂಜಿ, ಅನ್ನದಲ್ಲಿ ಕಳೆದೆ. ಹಾಳಾಗುವ ಸ್ನಾಯುವಿನಿಂದಲೂ ಆ ಕಿಣ್ವ ರಕ್ತಕ್ಕೆ ಸೇರುತ್ತದೆಂಬುದು ಮುಂದೆ ಸ್ನಾಯುವಿನ ಹಾನಿಯನ್ನು ತೋರಿಸುವ ಸಿಪಿಕೆ ಎಂಬ ರಕ್ತಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು. ಕಾರಣವಿಲ್ಲದೆ ಎಸ್‌ಜಿಪಿಟಿ ಏರಿದ್ದು, ಮೆಟ್ಟಿಲು ಹತ್ತಲು ಕಷ್ಟವಾಗುತ್ತಿದ್ದರೆ, ಪಥ್ಯ ಹಿಡಿಯುವ ಮುನ್ನ ಸಿಪಿಕೆಯನ್ನು ನೋಡಿಸಿರೆಂದು ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಪಥ್ಯ ಮುಗಿದ ಮೇಲೂ ನನ್ನ ಊಟ ಹೆಚ್ಚಲಿಲ್ಲ. ಹಸಿವು ಇರುತ್ತಿತ್ತು, ಆದರೆ ಖಡಕ್ ರೊಟ್ಟಿ ಮುರಿದು, ತುತ್ತನ್ನು ಬಾಯಿವರೆಗೆ ಎತ್ತುವುದರಲ್ಲಿ ತೋಳು ದಣಿದು, ಅರ್ಧ ಊಟಕ್ಕೇ ಕೈ ತೊಳೆದುಬಿಡುತ್ತಿದ್ದೆ. ಬಾಗಲಕೋಟೆಯ ನಮ್ಮ ಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುವುದೇ ರೂಢಿಯಾದ್ದರಿಂದ ಇದು ಬಹಳ ದಿನ ಯಾರ ಗಮನಕ್ಕೂ ಬರಲಿಲ್ಲ. ಈಗ ಮೊಳಕೈ ಊರಲು ಬರುವಷ್ಟು ಎತ್ತರದ ಮೇಜಿನ ಮೇಲೆ, ಅಂಚಿರುವ ತಾಟಿನಲ್ಲಿ, ಹಗುರವಾದ ಚಮಚೆಯಿಂದ ಉಣ್ಣುತ್ತೇನೆ. ಅವ್ವ ಬಿಸಿ ರೊಟ್ಟಿಯನ್ನು ಮುರಿದು ಹೆಸರುಕಾಳಿನ ಪಲ್ಯದಲ್ಲಿ ಮೊದಲೇ ನೆನೆಸಿಡುತ್ತಾಳೆ. ರೊಟ್ಟಿ ಬೇಡವಾದ ದಿನ ಜೋಳದ ನುಚ್ಚು, ಮಜ್ಜಿಗೆ. ಎರಡು ದೊಡ್ಡ ಊಟಗಳನ್ನು ಐದು ಸಣ್ಣ ಊಟಗಳಾಗಿ ಒಡೆದದ್ದು ಇವೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿತು.

ಯಾವ ಆಹಾರವೂ ಈ ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಡಬ್ಬಿಯ ಪ್ರೋಟೀನ್ ಪುಡಿಯನ್ನು ಎಷ್ಟು ಕುಡಿದರೂ ಹೋದ ಸ್ನಾಯು ಮರಳದು. ಇರುವ ಸ್ನಾಯುವಿಗೆ ಕೊರತೆಯಾಗಬಾರದೆಂಬುದಷ್ಟೇ ನನ್ನ ಲೆಕ್ಕ. ನನ್ನ ತೂಕ 52 ಕಿಲೊ ಇರುವುದರಿಂದ ಆಹಾರತಜ್ಞರು ದಿನಕ್ಕೆ 50 ಗ್ರಾಂ ಮೀರಿ ಪ್ರೋಟೀನ್ ಇರಲೆಂದರು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಅಷ್ಟೇ ಶೇಂಗಾದಲ್ಲಿ 24 ಗ್ರಾಂ, ಒಂದು ತತ್ತಿಯಲ್ಲಿ 6 ಗ್ರಾಂ ಸಿಗುವುದರಿಂದ, ಶೇಂಗಾ ಹಿಂಡಿ, ಮೊಸರು, ಕಾಳುಪಲ್ಯಗಳಿರುವ ನಮ್ಮ ಊಟದಲ್ಲೇ ಅದು ಪೂರೈಸುತ್ತದೆ.

ಪದೇ ಪದೇ ಶೌಚಾಲಯಕ್ಕೆ ಏಳಬೇಕಾಗುವ ಭಯದಿಂದ ನೀರು ಕಡಿಮೆ ಮಾಡಿ ಮಲಬದ್ಧತೆ ತಂದುಕೊಂಡದ್ದು ನನ್ನದೇ ತಪ್ಪು. ಈಗ ಸಂಜೆಯೊಳಗೆ ನೀರು, ಮಜ್ಜಿಗೆಯ ಪಾಲನ್ನು ಮುಗಿಸುತ್ತೇನೆ. ಹೊಟ್ಟೆ ತುಂಬಿದಾಗ ಮಲಗಿದರೆ ಉಸಿರಾಟ ಭಾರವಾಗುವುದರಿಂದ ರಾತ್ರಿಯೂಟ ಏಳು ಗಂಟೆಗೇ ಆಗುತ್ತದೆ.

ಗಾಲಿಕುರ್ಚಿ ಬಂದ ವರ್ಷ ತೂಕ ಬದಲಾಗದಿದ್ದರೂ ಸೊಂಟ ದಪ್ಪವಾಯಿತು, ಏಕೆಂದರೆ ಸ್ನಾಯು ಕರಗಿದಷ್ಟು ಕೊಬ್ಬು ಸೇರಿತ್ತು. ಆದ್ದರಿಂದ ಪ್ರತಿ ತಿಂಗಳು ತೂಕದೊಡನೆ ಸೊಂಟದ ಸುತ್ತಳತೆಯನ್ನೂ ಟೇಪಿನಿಂದ ಅಳೆದು ಬರೆದಿಡುತ್ತೇನೆ. ಅಳತೆ ಏರಿದ ತಿಂಗಳು ಒಂದು ರೊಟ್ಟಿಯನ್ನೂ ಚಹಾದ ಸಕ್ಕರೆಯನ್ನೂ ಇಳಿಸುತ್ತೇನೆ. ಕಾಳು ಮತ್ತು ತತ್ತಿಯನ್ನು ಮಾತ್ರ ಕಡಿಮೆ ಮಾಡುವುದಿಲ್ಲ.