ಪಕ್ಷದೊಳಗಿನ ಒಗ್ಗಟ್ಟನ್ನು ನಾನು ಅಳೆಯುವ ಬಗೆ

"ಆ ಪಕ್ಷದಲ್ಲಿ ಎಲ್ಲರದ್ದೂ ಒಂದೇ ದನಿ, ಈ ಪಕ್ಷದಲ್ಲಿ ಬರೀ ಬಣ ಜಗಳ." ಚುನಾವಣೆ ಹತ್ತಿರ ಬಂದಾಗ ಈ ಮಾತು ಕೇಳದವರಿಲ್ಲ. ಇದನ್ನು ಲೆಕ್ಕ ಹಾಕಿ ನೋಡಲು ಆಗುತ್ತಾ ಅಂತ ಬಿಡುವಿನ ವೇಳೆಯಲ್ಲಿ ಶುರು ಮಾಡಿದೆ. ಈಗ ಅದೇ ಚಟವಾಗಿದೆ. ಹೀಗೆ ಮಾಡಿ ನೋಡಬೇಕು ಅನ್ನುವವರಿಗೆ ಉಪಯೋಗಕ್ಕೆ ಬರಲಿ ಅಂತ ನನ್ನ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೇಕಾಗುವುದು ಒಂದು ಎಕ್ಸೆಲ್ ಹಾಳೆ, ಜೊತೆಗೆ ಯಾರು ಯಾವ ಕಡೆ ಮತ ಹಾಕಿದರು ಎಂಬ ಹೆಸರುವಾರು ದಾಖಲೆ. ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಎರಡೂ ಇದನ್ನು ಪ್ರಕಟಿಸುತ್ತವೆ. ಹಾಗಾಗಿ ನನ್ನ ಉದಾಹರಣೆಗಳು ಜಾಸ್ತಿ ಅಲ್ಲಿಯವೇ.

ಅಳತೆಗೋಲು ಹಳೆಯದು. 1920ರ ದಶಕದಲ್ಲಿ ಸ್ಟುವರ್ಟ್ ರೈಸ್ ಎಂಬ ಅಮೆರಿಕದ ವಿದ್ವಾಂಸ ಕೊಟ್ಟದ್ದು. ಒಂದು ಪಕ್ಷದ ಸದಸ್ಯರಲ್ಲಿ ಪರ ಎಷ್ಟು, ವಿರುದ್ಧ ಎಷ್ಟು ನೋಡಿ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ. ಬಂದದ್ದನ್ನು ಒಟ್ಟು ಮತಗಳಿಂದ ಭಾಗಿಸಿ. ಎಲ್ಲರೂ ಒಂದೇ ಕಡೆ ಇದ್ದರೆ 1, ಸರಿ ಅರ್ಧ ಒಡೆದರೆ 0. ಮುಂದೆ ಸೂಚ್ಯಂಕ ಅನ್ನುವುದು ಇದನ್ನೇ.

ಕೇಳಲು ಸುಲಭ. ಆದರೆ ಈ ಅಂಕಿ ಏನು ಹೇಳುತ್ತೆ, ಏನು ಮುಚ್ಚಿಡುತ್ತೆ ಅನ್ನುವುದರಲ್ಲೇ ನಿಜವಾದ ಕೆಲಸ ಇರುವುದು.

1964ರ ಜೂನ್‌ನಲ್ಲಿ ಅಮೆರಿಕ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್, ಜನಾಂಗ ತಾರತಮ್ಯ ತಡೆಯುವ ನಾಗರಿಕ ಹಕ್ಕುಗಳ ಮಸೂದೆಯನ್ನು 73–27ರಿಂದ ಒಪ್ಪಿತು. ಡೆಮಾಕ್ರಟಿಕ್ ಪಕ್ಷದಲ್ಲಿ 46 ಪರ, 21 ವಿರುದ್ಧ. ರಿಪಬ್ಲಿಕನ್ ಪಕ್ಷದಲ್ಲಿ 27 ಪರ, 6 ವಿರುದ್ಧ. ಲೆಕ್ಕ ಹಾಕಿದರೆ ಡೆಮಾಕ್ರಟರದ್ದು 0.37, ರಿಪಬ್ಲಿಕನ್ನರದ್ದು 0.64. ಅಧ್ಯಕ್ಷ ಲಿಂಡನ್ ಜಾನ್ಸನ್ ಡೆಮಾಕ್ರಟ್. ಮಸೂದೆಯ ಬೆನ್ನಿಗೆ ನಿಂತವರೂ ಅವರೇ. ಆದರೂ ಅವರ ಪಕ್ಷವೇ ಹೆಚ್ಚು ಒಡೆದಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ "ಡೆಮಾಕ್ರಟರಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ" ಅಂತ ಬರೆದುಬಿಡಬಹುದು. ನಾನು ಹಾಳೆಗೆ ಇನ್ನೊಂದು ಕಾಲಂ ಸೇರಿಸಿದೆ: ಸೆನೆಟರ್ ಯಾವ ರಾಜ್ಯದವರು? ಅಂತರ್ಯುದ್ಧದ ಕಾಲದಲ್ಲಿ ಬೇರೆಯಾಗಲು ಹೊರಟಿದ್ದ ಹನ್ನೊಂದು ದಕ್ಷಿಣ ರಾಜ್ಯಗಳ ಡೆಮಾಕ್ರಟರನ್ನು ಬೇರೆ ಮಾಡಿದಾಗ ಚಿತ್ರವೇ ಬದಲಾಯಿತು. ದಕ್ಷಿಣದವರಲ್ಲಿ 1 ಪರ, 20 ವಿರುದ್ಧ. ಉಳಿದವರಲ್ಲಿ 45 ಪರ, 1 ವಿರುದ್ಧ. ಸೂಚ್ಯಂಕ ಕ್ರಮವಾಗಿ 0.90 ಮತ್ತು 0.96. ಅಂದರೆ ಅಲ್ಲಿ ಇದ್ದದ್ದು ಚೆದುರಿದ ಅಭಿಪ್ರಾಯಗಳಲ್ಲ. ಒಳಗೊಳಗೇ ಗಟ್ಟಿಯಾಗಿದ್ದ ಎರಡು ಪಕ್ಷಗಳು ಒಂದೇ ಹೆಸರಿನ ಕೆಳಗೆ ಇದ್ದವು. ಆಮೇಲೆ ದಕ್ಷಿಣದಲ್ಲಿ ಡೆಮಾಕ್ರಟರ ನೆಲೆ ಕುಸಿದು ರಿಪಬ್ಲಿಕನ್ನರದ್ದು ಬೆಳೆದ ಕಥೆ ಎಲ್ಲರಿಗೂ ಗೊತ್ತು.

ಅಂದಿನಿಂದ ಕಡಿಮೆ ಅಂಕಿ ಬಂದ ಕೂಡಲೇ ನಾನು ಕೇಳುವುದು ಒಂದೇ: ಒಡಕು ಎಲ್ಲೆಡೆ ಹರಡಿದೆಯೋ, ಒಂದೇ ಗೆರೆಯ ಮೇಲಿದೆಯೋ? ಪ್ರದೇಶ, ವಯಸ್ಸು, ಮೊದಲ ಸಲ ಗೆದ್ದವರು, ಸಚಿವ ಸ್ಥಾನ ಸಿಕ್ಕವರು ಮತ್ತು ಸಿಗದವರು, ಹೀಗೆ ಒಂದೊಂದಾಗಿ ವಿಂಗಡಿಸಿ ನೋಡುತ್ತೇನೆ. ಕೊನೆಯ ವಿಂಗಡಣೆ ಎಷ್ಟೋ ಸಲ ತತ್ವ ಸಿದ್ಧಾಂತಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ. ನಗಬೇಡಿ, ನಿಜ.

ಸಣ್ಣ ಪಕ್ಷಗಳ ವಿಷಯದಲ್ಲಿ ಹುಷಾರಾಗಿರಬೇಕು. ಇಬ್ಬರೇ ಸದಸ್ಯರಿದ್ದಾರೆ, ಇಬ್ಬರೂ ನಾಣ್ಯ ಚಿಮ್ಮಿ ಮತ ಹಾಕುತ್ತಾರೆ ಅಂದುಕೊಳ್ಳಿ. ಅರ್ಧದಷ್ಟು ಸಲ ಇಬ್ಬರದ್ದೂ ಒಂದೇ ಕಡೆ ಬೀಳುತ್ತೆ. ಸರಾಸರಿ ಸೂಚ್ಯಂಕ 0.5! ನೂರು ಜನ ಹಾಗೇ ಚಿಮ್ಮಿದರೆ ಸರಾಸರಿ ಸುಮಾರು 0.08. ಯಾವ ಒಗ್ಗಟ್ಟೂ ಇಲ್ಲದೆ ಸಣ್ಣ ಪಕ್ಷ ಒಗ್ಗಟ್ಟಿನ ಪಕ್ಷದಂತೆ ಕಾಣುತ್ತೆ. ಅದಕ್ಕೇ ನಾನು ಸಣ್ಣವರನ್ನೂ ದೊಡ್ಡವರನ್ನೂ ಒಂದೇ ಪಟ್ಟಿಯಲ್ಲಿ ಇಡುವುದಿಲ್ಲ. ತಟಸ್ಥರು, ಗೈರಾದವರು ಇನ್ನೊಂದು ತಲೆನೋವು. ರೈಸ್ ಲೆಕ್ಕದಲ್ಲಿ ಅವರಿಗೆ ಜಾಗವೇ ಇಲ್ಲ. ಅವರಿಗೊಂದು ಕಾಲಂ ಇಟ್ಟರೆ ಸಾಕು.

ಇನ್ನು ಎಲ್ಲಕ್ಕಿಂತ ದೊಡ್ಡ ತೊಡಕು ವಿಪ್, ಅಂದರೆ ಹೀಗೇ ಮತ ಹಾಕಿ ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ. ಮತ ಒಂದೇ ಕಡೆ ಬಿದ್ದಿತು ಅಂದರೆ ಮನಸ್ಸೂ ಒಂದೇ ಅಂತಲ್ಲ, ಅಲ್ವಾ? ಭಾರತದಲ್ಲಿ 1985ರ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ತಡೆ ಕಾನೂನು, ಬಂತು. ವಿಪ್ ಮೀರಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ, ಸದಸ್ಯತ್ವವೇ ಹೋಗಬಹುದು. ಅದರ ಮೇಲೆ ಎಷ್ಟೋ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಹೆಸರೂ ಇಲ್ಲ, ಎಣಿಕೆಯೂ ಇಲ್ಲ. ಇಂಥ ಕಡೆ ಸೂಚ್ಯಂಕ ಹಾಕಿದರೆ ಕಾನೂನಿನ ಬಿಗಿಯನ್ನು ಅಳೆದಂತೆ, ಅಭಿಪ್ರಾಯವನ್ನಲ್ಲ.

ಹಾಗಾದರೆ ವಿಪ್ ಇಲ್ಲದ ಮತಗಳನ್ನು ಹುಡುಕಬೇಕು. ರಾಷ್ಟ್ರಪತಿ ಚುನಾವಣೆಗೆ ವಿಪ್ ಕೊಡುವ ಹಾಗಿಲ್ಲ, ಮತದಾನವೂ ಗುಪ್ತ. 1969ರಲ್ಲಿ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಇಂದಿರಾ ಗಾಂಧಿ ಕರೆ ಕೊಟ್ಟರು. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಸೋತು ವಿ.ವಿ. ಗಿರಿ ಗೆದ್ದರು. ಅದೇ ವರ್ಷ ಪಕ್ಷ ಇಬ್ಭಾಗವಾಯಿತು. ಅಡ್ಡಮತದಾನ ಆಗಿದೆ ಎಂದು ಫಲಿತಾಂಶದಿಂದ ಗೊತ್ತಾಗುತ್ತೆ. ಆದರೆ ಯಾರು ಮಾಡಿದರು ಅನ್ನುವ ಪಟ್ಟಿ ಇರುವುದಿಲ್ಲ. ನನ್ನ ಕೆಲಸದ ಗೋಳು ಇದೇ. ಬಹಿರಂಗ ಮತದಲ್ಲಿ ಹೆಸರು ಸಿಗುತ್ತೆ, ಮನಸ್ಸು ಸಿಗಲ್ಲ. ಗುಪ್ತ ಮತದಲ್ಲಿ ಮನಸ್ಸು ಸಿಗುತ್ತೆ, ಹೆಸರು ಸಿಗಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದೇ ಪಕ್ಷದ ಸದಸ್ಯರು ಮಾತ್ರ ಗುಪ್ತವಾಗಿ ಮತ ಹಾಕಿದ ಸಂದರ್ಭ. ಅಲ್ಲಿ ಹೆಸರು ಸಿಗದಿದ್ದರೂ ಪಕ್ಷ ಯಾವುದು ಅಂತ ಗೊತ್ತಿರುತ್ತೆ. ಬ್ರಿಟನ್ನಿನಲ್ಲಿ 2018ರ ಡಿಸೆಂಬರ್ 12ರಂದು ಕನ್ಸರ್ವೇಟಿವ್ ಸಂಸದರು ತಮ್ಮ ನಾಯಕಿ, ಆಗಿನ ಪ್ರಧಾನಿ ಥೆರೇಸಾ ಮೇ ಮೇಲೆ ವಿಶ್ವಾಸ ಮತ ಹಾಕಿದರು: 200 ಪರ, 117 ವಿರುದ್ಧ. ಒಂದು ತಿಂಗಳ ಬಳಿಕ, 2019ರ ಜನವರಿ 15ರಂದು, ಅವರ ಬ್ರೆಕ್ಸಿಟ್ (ಯುರೋಪಿನ ಒಕ್ಕೂಟದಿಂದ ಬ್ರಿಟನ್ ಹೊರಬರುವ) ಒಪ್ಪಂದ ಸದನದಲ್ಲಿ 432–202ರಿಂದ ಬಿತ್ತು. ವಿಪ್ ಇದ್ದರೂ ಅವರದೇ ಪಕ್ಷದ 118 ಮಂದಿ ಬಹಿರಂಗವಾಗಿ ವಿರುದ್ಧ ನಿಂತರು, 196 ಮಂದಿ ಪರ. ಗುಪ್ತ ಮತದ ಸೂಚ್ಯಂಕ 0.26, ಬಹಿರಂಗ ಮತದ್ದು 0.25. ಎರಡೂ ಕಡೆ ಅದೇ ಜನ ಅಂತ ಹೇಳಲು ಬರಲ್ಲ, ಕೇಳಿದ ಪ್ರಶ್ನೆಗಳೂ ಬೇರೆ. ಆದರೂ ಇಷ್ಟು ಹತ್ತಿರ ಬಂದಾಗ ವಿಪ್‌ನ ಹೆದರಿಕೆ ಹೋಗಿತ್ತು ಎಂದು ನಾನು ಓದಿಕೊಳ್ಳುತ್ತೇನೆ.

ಬ್ರಿಟನ್ನಿನದೇ ಲೇಬರ್ ಪಕ್ಷದ 2016ರ ಕಥೆ ಇನ್ನೂ ಮಜವಾಗಿದೆ. ಜೂನ್‌ನಲ್ಲಿ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಮೇಲೆ ಅವರದೇ ಸಂಸದರು ಅವಿಶ್ವಾಸ ತೋರಿಸಿದರು, 172–40. ಸೂಚ್ಯಂಕ 0.62. ಅಂಕಿ ನೋಡಿ "ಪರವಾಗಿಲ್ಲ, ಒಗ್ಗಟ್ಟಿದೆ" ಅನ್ನಬಹುದು. ಒಗ್ಗಟ್ಟೇನೋ ಇತ್ತು, ನಾಯಕರ ವಿರುದ್ಧ! ಸೆಪ್ಟೆಂಬರ್‌ನಲ್ಲಿ ಪಕ್ಷದ ಸದಸ್ಯರು ಮತ್ತು ಬೆಂಬಲಿಗರು ಅದೇ ಕಾರ್ಬಿನ್‌ರನ್ನು ಸುಮಾರು 62% ಮತ ಕೊಟ್ಟು ಮತ್ತೆ ಗೆಲ್ಲಿಸಿದರು. ಸಂಸದರು ಒಂದು ದಿಕ್ಕು, ಕಾರ್ಯಕರ್ತರು ಇನ್ನೊಂದು ದಿಕ್ಕು. ಆದ್ದರಿಂದ ಎರಡು ಪಕ್ಷಗಳನ್ನು ಹೋಲಿಸುವಾಗ ಒಂದೇ ಮಟ್ಟದವರನ್ನು ಹೋಲಿಸಬೇಕು. ಈ ಪಕ್ಷದ ಸಂಸದರನ್ನು ಆ ಪಕ್ಷದ ಕಾರ್ಯಕರ್ತರ ಪಕ್ಕ ಇಟ್ಟರೆ ಸುಮ್ನೆ ಕಾಲಹರಣ.

ಸದನಕ್ಕೆ ಬಾರದ ವಿಷಯಗಳನ್ನೂ ಬರೆದಿಡುತ್ತೇನೆ. ಪಕ್ಷ ಒಡೆಯುವ ಪ್ರಶ್ನೆಯನ್ನು ಜಾಣ ನಾಯಕರು ಮತಕ್ಕೆ ಹಾಕುವುದೇ ಇಲ್ಲ. ಇಲ್ಲವೇ ಜನರ ಮುಂದೆ ಎಸೆಯುತ್ತಾರೆ. ಯುರೋಪಿನ ಸಮುದಾಯದಲ್ಲಿ (ಇಂದಿನ ಒಕ್ಕೂಟದ ಹಿಂದಿನ ರೂಪ) ಉಳಿಯಬೇಕೇ ಎಂಬ 1975ರ ಜನಮತಗಣನೆಯಲ್ಲಿ ಬ್ರಿಟನ್ನಿನ ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ತಮ್ಮ ಸಚಿವರಿಗೆ ಎರಡೂ ಕಡೆ ಪ್ರಚಾರ ಮಾಡಲು ಬಿಟ್ಟರು. 2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ಕನ್ಸರ್ವೇಟಿವ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಕೂಡ ಹಾಗೇ ಮಾಡಿದರು. ಹೀಗೆ ಮುಂದೂಡಿದ, ಹೊರಗೆ ಕಳಿಸಿದ ಪ್ರಶ್ನೆಗಳ ಪಟ್ಟಿ ಕೆಲವೊಮ್ಮೆ ಸೂಚ್ಯಂಕಕ್ಕಿಂತ ಹೆಚ್ಚು ಹೇಳುತ್ತೆ.

ಕೊನೆಯ ಕಾಲಂ ಬಂಡಾಯದ ಬೆಲೆಯದು. ವಿರುದ್ಧ ಮತ ಹಾಕಿದವರು ಏನು ಕಳೆದುಕೊಂಡರು? 2019ರ ಜನವರಿಯಲ್ಲಿ ಮೇ ವಿರುದ್ಧ ನಿಂತ 118 ಮಂದಿಯನ್ನು ಅದಕ್ಕಾಗಿ ಯಾರೂ ಪಕ್ಷದ ಸಂಸದೀಯ ಗುಂಪಿನಿಂದ ಹೊರಗೆ ಹಾಕಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ವಿರುದ್ಧ ಮತ ಹಾಕಿದ 21 ಮಂದಿ ಅಂದೇ ಹೊರಬಿದ್ದರು. ಅದರಲ್ಲಿ ಮಾಜಿ ಹಣಕಾಸು ಸಚಿವರಾದ ಕೆನೆತ್ ಕ್ಲಾರ್ಕ್, ಫಿಲಿಪ್ ಹ್ಯಾಮಂಡ್ ಇದ್ದರು. ಹತ್ತು ಮಂದಿಯನ್ನು ಅಕ್ಟೋಬರ್ ಕೊನೆಗೆ ಮತ್ತೆ ಸೇರಿಸಿಕೊಂಡರು. ಒಂದೇ ಪಕ್ಷ, ಒಂದೇ ವರ್ಷ. ಬಂಡಾಯಗಾರರ ಸಂಖ್ಯೆ ಇಳಿದದ್ದು ನೋಡಿ ಒಗ್ಗಟ್ಟು ಹೆಚ್ಚಿತು ಎನ್ನಬಹುದು. ಆದರೆ ಜನವರಿಯ ಬಂಡಾಯದಲ್ಲಿ ಜಾಸ್ತಿ ಇದ್ದವರು ಕಟ್ಟಾ ಬ್ರೆಕ್ಸಿಟ್‌ವಾದಿಗಳು, ಸೆಪ್ಟೆಂಬರ್‌ನವರು ಒಪ್ಪಂದವಿಲ್ಲದೆ ಹೊರಬರುವುದನ್ನು ತಡೆಯಲು ಹೊರಟವರು. ಈ ಎರಡು ಸಾಲುಗಳ ಸರಾಸರಿಯನ್ನು ನಾನು ತೆಗೆಯುವುದಿಲ್ಲ. ಪಕ್ಕಪಕ್ಕ ಇಟ್ಟು, ಬೆಲೆಯ ಕಾಲಂ ಜೊತೆಗೇ ಓದಲು ಬಿಡುತ್ತೇನೆ.