ಪರೀಕ್ಷೆ ಹತ್ತಿರ ಬಂತು, ಹೋಮ್‌ವರ್ಕ್ ಮುಗೀತಿಲ್ಲ ಅನ್ನುವವರಿಗೆ

ಪರೀಕ್ಷೆ ಹತ್ತಿರ ಬಂದಾಗಲೇ ಹೋಮ್‌ವರ್ಕೂ ಜಾಸ್ತಿ ಆಗುತ್ತದೆ, ಅಲ್ವಾ? ಮೊದಲು ಬಾಕಿ ಇರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಳೆಗೇ ಕೊಡಬೇಕಾದದ್ದು ಯಾವುದು, ಪರೀಕ್ಷೆಗೆ ನಿಜವಾಗಿ ಉಪಯೋಗ ಆಗುವುದು ಯಾವುದು ಅಂತ ಗುರುತು ಹಾಕಿ. ಪ್ರಾಜೆಕ್ಟಿನ ಮುಖಪುಟಕ್ಕೆ ಬಣ್ಣ ಹಚ್ಚುತ್ತಾ ಎರಡು ಗಂಟೆ ಕೂರಬೇಡಿ. ನೀಟಾಗಿದ್ದರೆ ಸಾಕು.

ಹೋಮ್‌ವರ್ಕನ್ನೇ ಓದು ಮಾಡಿಕೊಳ್ಳಬಹುದು. ಪ್ರಶ್ನೋತ್ತರವನ್ನು ಪುಸ್ತಕ ನೋಡಿ ಸುಮ್ನೆ ಇಳಿಸಬೇಡಿ. ಪಾಠ ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಪರೀಕ್ಷೆಯ ಹಿಂದಿನ ದಿನ ಮೊದಲು ನೋಡಬೇಕಾದದ್ದು ಆ ಬಣ್ಣದ ಸಾಲುಗಳನ್ನೇ. ತಿಣುಕಿ ನೆನಪಿಸಿಕೊಂಡದ್ದು ಮತ್ತೆ ಮತ್ತೆ ಓದಿದ್ದಕ್ಕಿಂತ ಜಾಸ್ತಿ ದಿನ ಉಳಿಯುತ್ತದೆ. ಪುಟದ ತುಂಬ ಹೈಲೈಟರ್ ಬಳಿಯುವುದು ನೋಡೋಕೆ ಚೆಂದ, ಅಷ್ಟೇ.

25 ನಿಮಿಷ ಓದಿ, 5 ನಿಮಿಷ ಎದ್ದು ಓಡಾಡಿ. ಫೋನ್ ಬೇರೆ ಕೋಣೆಯಲ್ಲಿರಲಿ, ಇಲ್ಲದಿದ್ದರೆ ಆ 5 ನಿಮಿಷ 50 ಆಗುತ್ತದೆ.

ನಿದ್ದೆ ಮಾತ್ರ ಕಡಿಮೆ ಮಾಡಬೇಡಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕು. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆ ಬೇಕೇ ಬೇಕು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಗಂಟೆಗೊಮ್ಮೆ "ಎಷ್ಟು ಮುಗೀತು?" ಅಂತ ಕೇಳಬೇಡಿ, ಅದರಿಂದ ಒಂದು ಪುಟವೂ ಬೇಗ ಮುಗಿಯುವುದಿಲ್ಲ. ಮಗು ಊಟ, ನಿದ್ದೆ ಬಿಟ್ಟು ಅಳುತ್ತಾ ಕೂತರೆ ನೀವೇ ಹೋಗಿ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಒಬ್ಬ ಟೀಚರ್ ಎಷ್ಟು ಕೊಟ್ಟಿದ್ದಾರೆ ಅಂತ ಇನ್ನೊಬ್ಬರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಯಾವುದನ್ನು ಪರೀಕ್ಷೆ ಮುಗಿದ ಮೇಲೆ ಕೊಡಬಹುದು ಅಂತ ನೇರವಾಗಿ ಕೇಳಿ.