ಡೊಳ್ಳು, ಜೀರುಂಡೆ, ಅಡಕತ್ತರಿ: ಫೋನಿಗೆ ಸ್ಯಾಂಪ್ಲರ್ ಆ್ಯಪ್ ಆರಿಸುವ ಬಗೆ

ಸ್ಯಾಂಪ್ಲರ್ ಮಾಡುವ ಕೆಲಸ ಸರಳ. ಒಂದು ಸದ್ದನ್ನು ಹಿಡಿಯುತ್ತದೆ, ಬೇಕಾದಷ್ಟನ್ನೇ ಕತ್ತರಿಸಲು ಬಿಡುತ್ತದೆ, ಪರದೆಯ ಮೇಲಿನ ಒಂದು ಚೌಕದಲ್ಲಿ ಕೂರಿಸುತ್ತದೆ. ಚೌಕ ಮುಟ್ಟಿದರೆ ಸದ್ದು ಬರುತ್ತದೆ. ಆ ಚೌಕವೇ ಪ್ಯಾಡ್. ಆ್ಯಪ್ ಅಂಗಡಿಯಲ್ಲಿ ಹುಡುಕಿದರೆ ಇಂಥವು ಹತ್ತಾರು ಸಿಗುತ್ತವೆ, ಎಲ್ಲವೂ ‘ಸಾವಿರಾರು ಸದ್ದುಗಳು ಉಚಿತ’ ಎಂದೇ ಕೂಗುತ್ತವೆ. ಆ ಸಾಲನ್ನು ನೋಡಿ ಆರಿಸಿದರೆ ಕೆಟ್ಟಿರಿ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕೂತು ಸಂಗೀತ ಮಾಡುವವರಿಗೆ ಸದ್ದಿನ ಬರ ಇಲ್ಲ. ನೋಡಬೇಕಾದ್ದು ಮೂರು: ಬೆರಳು ಮುಟ್ಟಿದ ಮೇಲೆ ಸದ್ದು ಎಷ್ಟು ಬೇಗ ಬರುತ್ತದೆ, ನಿಮ್ಮ ಸದ್ದು ಒಳಗೆ ಹೋಗಿ ಹೊರಗೆ ಬರುವ ದಾರಿ ಹೇಗಿದೆ, ಮಳೆಗಾಲದಲ್ಲಿ ಟವರ್ ಸತ್ತಾಗ ಆ್ಯಪ್ ತೆರೆಯುತ್ತದೆಯೇ.

ಆ್ಯಪ್ ಇಳಿಸುವ ಮೊದಲೇ ಪರೀಕ್ಷೆಗೆ ಐದು ಸದ್ದು ಹಿಡಿದಿಟ್ಟುಕೊಳ್ಳಿ. ಒಂದು ಡೊಳ್ಳಿನ ಪೆಟ್ಟು, ಹತ್ತು ಸೆಕೆಂಡು ಚೆಂಡೆ ಅಥವಾ ಮದ್ದಲೆ, ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿದ ‘ಟಕ್’, ದೇವಸ್ಥಾನದ ಗಂಟೆ, ಸಂಜೆಯ ಜೀರುಂಡೆ. ಪ್ರತಿಯೊಂದೂ ಆ್ಯಪಿನ ಬೇರೆ ಬೇರೆ ದೌರ್ಬಲ್ಯವನ್ನು ಬಯಲಿಗೆಳೆಯುತ್ತದೆ. ಫೋನಿನ ರೆಕಾರ್ಡರಿನಲ್ಲಿ ಸಾಧ್ಯವಾದರೆ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುವ ಲೆಕ್ಕ), ಮೋನೋ, ಸದ್ದನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಎಂದು ಹೊಂದಿಸಿ. 16 ಬಿಟ್‌ನಲ್ಲಿ ನಿಮಿಷಕ್ಕೆ ಸುಮಾರು 5.8 ಎಂಬಿ ಆಗುತ್ತದೆ, ಸ್ಟೀರಿಯೋ ಆದರೆ ಅದರ ಎರಡರಷ್ಟು.

ಡೊಳ್ಳಿನ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಫೋನಿನ ಮೈಕು ಮಾತಿಗೆಂದು ಹೊಂದಿಸಿದ್ದು. ದೊಡ್ಡ ಸದ್ದು ಬಂದ ತಕ್ಷಣ ತಾನಾಗಿಯೇ ಮಟ್ಟ ತಗ್ಗಿಸುತ್ತದೆ, ಮೌನವಾದರೆ ಮತ್ತೆ ಏರಿಸುತ್ತದೆ. ಹಾಗಾಗಿ ಮೊದಲ ಪೆಟ್ಟು ಒಡೆದು, ಎರಡನೆಯದು ಕುಗ್ಗಿ, ನಡುವೆ ಹಿನ್ನೆಲೆಯ ಗದ್ದಲ ಉಬ್ಬಿ ಬರುತ್ತದೆ. ಆಂಡ್ರಾಯ್ಡ್ 7ರಿಂದ ಈಚೆಗೆ ಮೈಕಿನ ಸದ್ದನ್ನು ಸಂಸ್ಕರಿಸದೆ ಹಾಗೇ ಪಡೆಯುವ ಸೌಲಭ್ಯವಿದೆ, ಆದರೆ ಫೋನೂ ಆ್ಯಪೂ ಎರಡೂ ಅದನ್ನು ಒಪ್ಪಿರಬೇಕು. ಸೆಟ್ಟಿಂಗ್ಸಿನಲ್ಲಿ ‘ರಾ’ ಅಥವಾ ‘ಅನ್‌ಪ್ರೊಸೆಸ್ಡ್’ ಎಂಬ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಎರಡು ಮೂರು ಮೀಟರ್ ದೂರ ನಿಂತು, ಚರ್ಮಕ್ಕೆ ನೇರವಾಗಿ ಹಿಡಿಯದೆ ಪಕ್ಕದಿಂದ ಹಿಡಿಯಿರಿ. ಗಾಳಿ ಇದ್ದರೆ ಮೈಕಿನ ತೂತಿಗೆ ತೆಳು ಹತ್ತಿ ಬಟ್ಟೆ ಸುತ್ತಿ. ಕೇಳಿ ನೋಡುವಾಗ ಫೋನಿನ ಸ್ಪೀಕರ್ ನಂಬಬೇಡಿ, ಡೊಳ್ಳಿನ ತಳದ ಗುಮ್ಮೆನ್ನುವ ಭಾಗ ಅದರಲ್ಲಿ ಬರುವುದೇ ಇಲ್ಲ. ಇಯರ್‌ಫೋನ್ ಹಾಕಿ.

ಈಗ ತಡದ ಪರೀಕ್ಷೆ. ಆ್ಯಪ್ ಯಾವುದೇ ಇರಲಿ, ಇದೊಂದನ್ನು ತಪ್ಪಿಸಬೇಡಿ. ಅಡಕತ್ತರಿಯ ‘ಟಕ್’ ಸದ್ದನ್ನು ಒಂದು ಪ್ಯಾಡಿಗೆ ಹಾಕಿ, ಅದರ ಮುಂದಿರುವ ಮೌನವನ್ನೆಲ್ಲ ಕತ್ತರಿಸಿ. ಪಕ್ಕದಲ್ಲಿ ಇನ್ನೊಂದು ಫೋನಿಟ್ಟು ರೆಕಾರ್ಡ್ ಒತ್ತಿ. ಬೆರಳ ತುದಿಯ ಬದಲು ಉಗುರಿನ ಅಂಚೂ ತಾಗುವಂತೆ ಪ್ಯಾಡನ್ನು ಹತ್ತು ಸಲ ಕುಟ್ಟಿ. ಎರಡನೆಯ ಫೋನಿನಲ್ಲಿ ಪ್ರತಿ ಸಲವೂ ಎರಡು ಸದ್ದು ದಾಖಲಾಗಿರುತ್ತದೆ: ಗಾಜಿಗೆ ಉಗುರು ತಾಗಿದ್ದು, ಆಮೇಲೆ ಸ್ಪೀಕರಿನಿಂದ ಬಂದದ್ದು. ಆ ಫೈಲನ್ನು ಅಲೆಯ ಚಿತ್ರ ತೋರಿಸುವ ಯಾವುದಾದರೂ ಎಡಿಟರಿನಲ್ಲಿ ತೆರೆದು ಇವೆರಡರ ನಡುವಿನ ಅಂತರ ಅಳೆಯಿರಿ. 30 ಮಿಲಿಸೆಕೆಂಡಿನೊಳಗೆ ಇದ್ದರೆ ಆರಾಮಾಗಿ ನುಡಿಸಬಹುದು. 50 ದಾಟಿದರೆ ಕೈ ಒಂದು ಕಡೆ, ತಾಳ ಒಂದು ಕಡೆ. ಸರಾಸರಿಗಿಂತ ಏರಿಳಿತ ಹೆಚ್ಚು ತೊಂದರೆ ಕೊಡುತ್ತದೆ ಎನ್ನುವುದನ್ನೂ ಗಮನಿಸಿ. ಪ್ರತಿ ಸಲ 40 ಇದ್ದರೆ ಕೈ ಒಗ್ಗಿಕೊಳ್ಳುತ್ತದೆ, ಒಮ್ಮೆ 20 ಒಮ್ಮೆ 60 ಆದರೆ ಯಾರಿಗೂ ಒಗ್ಗದು.

ತಡ ಹೆಚ್ಚಾಗಿ ಕಂಡರೆ ಆ್ಯಪನ್ನು ಬೈಯುವ ಮುನ್ನ ಎರಡು ಕಡೆ ನೋಡಿ. ಬ್ಲೂಟೂತ್ ಇಯರ್‌ಬಡ್ ಹಾಕಿದ್ದರೆ ತೆಗೆಯಿರಿ, ಸಾಧಾರಣ ಬ್ಲೂಟೂತ್ ಒಂದೇ 150ರಿಂದ 250 ಮಿಲಿಸೆಕೆಂಡು ತಿನ್ನುತ್ತದೆ. ತಂತಿ ಇರುವುದೇ ಬೇಕು. ಎರಡನೆಯದು ಆ್ಯಪಿನ ಸೆಟ್ಟಿಂಗ್ಸಿನಲ್ಲಿರುವ ಬಫರ್ ಗಾತ್ರ, ಅಂದರೆ ಹೊರಗೆ ಬಿಡುವ ಮೊದಲು ಆ್ಯಪು ಒಟ್ಟುಹಾಕಿಕೊಳ್ಳುವ ಸದ್ದಿನ ತುಣುಕು. 48 ಕಿಲೋಹರ್ಟ್ಸ್‌ನಲ್ಲಿ 512 ಎಂದಿದ್ದರೆ ಸುಮಾರು 10.7 ಮಿಲಿಸೆಕೆಂಡು, 256 ಆದರೆ 5.3. ಕಡಿಮೆ ಮಾಡುತ್ತಾ ಹೋಗಿ, ಚಟಪಟ ಸದ್ದು ಶುರುವಾದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಬ್ಯಾಟರಿ ಉಳಿಸುವ ಮೋಡ್ ಆನ್ ಇದ್ದರೂ ಇದೇ ಚಟಪಟ ಬರುತ್ತದೆ, ಏಕೆಂದರೆ ಫೋನು ಪ್ರೊಸೆಸರಿನ ವೇಗ ಇಳಿಸಿರುತ್ತದೆ. ಕರೆಂಟು ಹೋದ ದಿನ ಎಲ್ಲರೂ ಅದನ್ನು ಆನ್ ಮಾಡುವುದು, ಮರುದಿನ ಆ್ಯಪ್ ಹಾಳಾಯಿತು ಎನ್ನುವುದು ಮಾಮೂಲು.

ಐಫೋನು, ಐಪ್ಯಾಡುಗಳಲ್ಲಿ ತಡದ ಕಾಟ ಬಹಳ ಕಡಿಮೆ. ಆಂಡ್ರಾಯ್ಡಿನಲ್ಲಿ ಫೋನಿನಿಂದ ಫೋನಿಗೆ ಬದಲಾಗುತ್ತದೆ, ಆದ್ದರಿಂದ ಬೇರೆಯವರ ಫೋನಿನಲ್ಲಿ ಚೆನ್ನಾಗಿತ್ತು ಎನ್ನುವುದಕ್ಕೆ ಬೆಲೆಯಿಲ್ಲ. ಆಂಡ್ರಾಯ್ಡ್ 8ರಲ್ಲಿ ಬಂದ ಎಆಡಿಯೋ ಎಂಬ ಹೊಸ ದಾರಿಯನ್ನು ಬಳಸುವ ಆ್ಯಪುಗಳು ಹಳೆಯವಕ್ಕಿಂತ ಚುರುಕು.

ಮುಂದೆ ಕತ್ತರಿಸುವ ಸಲಕರಣೆ. ಚೆಂಡೆಯ ಹತ್ತು ಸೆಕೆಂಡನ್ನು ಒಳಗೆ ತಂದು, ಪೆಟ್ಟು ಪೆಟ್ಟಿಗೂ ತಾನಾಗಿ ಕತ್ತರಿಸು ಎನ್ನಿ. ಒಳ್ಳೆಯ ಆ್ಯಪಿನಲ್ಲಿ ಎಷ್ಟು ಸೂಕ್ಷ್ಮವಾಗಿ ಗುರುತಿಸಬೇಕು ಎನ್ನುವುದಕ್ಕೆ ಬೆರಳಿನಿಂದ ಎಳೆಯುವ ಒಂದು ಸ್ಲೈಡರ್ ಇರುತ್ತದೆ, ತಪ್ಪಿದ ಗೆರೆಯನ್ನು ಬೆರಳಿನಿಂದ ಸರಿಸಬಹುದು. ಸಮಭಾಗವಾಗಿ ಮಾತ್ರ ಕತ್ತರಿಸುವ ಆ್ಯಪು ಚೆಂಡೆಗೆ ಕೆಲಸಕ್ಕೆ ಬಾರದು. ಕತ್ತರಿಸಿದ ತುದಿಯಲ್ಲಿ ‘ಟಿಕ್’ ಎಂದರೆ ಅಲೆ ಸೊನ್ನೆಯಲ್ಲಿಲ್ಲದ ಕಡೆ ತುಂಡಾಗಿದೆ ಎಂದರ್ಥ. ಸದ್ದನ್ನು ಮೆಲ್ಲಗೆ ಏರಿಸುವ, ಇಳಿಸುವ ಫೇಡ್ ಎರಡರಿಂದ ಐದು ಮಿಲಿಸೆಕೆಂಡು ಹಾಕಿದರೆ ಹೋಗುತ್ತದೆ, ಆದ್ದರಿಂದ ಪ್ರತಿ ಪ್ಯಾಡಿಗೂ ಬೇರೆ ಬೇರೆ ಫೇಡ್ ಇಡಲು ಬರುತ್ತದೆಯೇ ನೋಡಿ. ಗಂಟೆಯನ್ನು ಇನ್ನೊಂದು ಪ್ಯಾಡಿಗೆ ಹಾಕಿ ಐದಾರು ಸಲ ಬೇಗಬೇಗ ಹೊಡೆಯಿರಿ. ಹಿಂದಿನ ಅನುರಣನ ಕಡಿದುಹೋಗದೆ ಒಂದರ ಮೇಲೊಂದು ಉಳಿಯಬೇಕು, ಹಾಗೆಯೇ ಬೇಕೆಂದಾಗ ಕಡಿಯುವ ಆಯ್ಕೆಯೂ ಇರಬೇಕು. ಮದ್ದಲೆಯ ತೆರೆದ ಪೆಟ್ಟನ್ನು ಮುಚ್ಚಿದ ಪೆಟ್ಟು ನಿಲ್ಲಿಸುವಂತೆ ಮಾಡುವ ಗುಂಪಿಗೆ ‘ಚೋಕ್ ಗ್ರೂಪ್’ ಅಥವಾ ‘ಮ್ಯೂಟ್ ಗ್ರೂಪ್’ ಎಂಬ ಹೆಸರಿರುತ್ತದೆ. ಜೀರುಂಡೆ ಲೂಪಿನ, ಅಂದರೆ ಸದ್ದನ್ನು ಮತ್ತೆ ಮತ್ತೆ ಸುತ್ತಿಸುವುದರ ಪರೀಕ್ಷೆ: ಕೊನೆಯನ್ನೂ ಮೊದಲನ್ನೂ ಬೆಸೆಯುವ ಕ್ರಾಸ್‌ಫೇಡ್ ಇಲ್ಲದಿದ್ದರೆ ಪ್ರತಿ ಸುತ್ತಿಗೂ ಎಡವಿದಂತೆ ಕೇಳುತ್ತದೆ.

ಶ್ರುತಿಯ ಮಾತು ಬೇರೆಯೇ. ಚೆಂಡೆಯನ್ನು ಭಾಗವತರ ಶ್ರುತಿಗೆ ಕೂಡಿಸಿರುತ್ತಾರೆ, ಆ ಶ್ರುತಿ ಹಾರ್ಮೋನಿಯಂ ಮನೆಗಳ ನಡುವೆಯೂ ಬೀಳಬಹುದು. ಅರ್ಧ ಸ್ವರದ ಹೆಜ್ಜೆಯಲ್ಲಿ ಮಾತ್ರ ಏರಿಳಿಸುವ ಆ್ಯಪಿನಲ್ಲಿ ಅದು ಎಂದೂ ಕೂಡದು. ಅರ್ಧ ಸ್ವರವನ್ನು ನೂರು ಭಾಗ ಮಾಡಿದ ‘ಸೆಂಟ್’ ಲೆಕ್ಕದಲ್ಲಿ ಹೊಂದಿಸಲು ಬರಬೇಕು. ಸದ್ದು ಇದ್ದಕ್ಕಿದ್ದಂತೆ ಒಂದೂವರೆ ಮನೆಯಷ್ಟು ಏರಿ, ಚೂರು ವೇಗವೂ ಆದರೆ ಹೆದರಬೇಡಿ. 44.1 ಕಿಲೋಹರ್ಟ್ಸ್ ಫೈಲನ್ನು ಆ್ಯಪು ಪರಿವರ್ತಿಸದೆ 48ರಲ್ಲಿ ಓಡಿಸುತ್ತಿದೆ, ಅಷ್ಟೆ. ಫೈಲನ್ನು 48ಕ್ಕೆ ಬದಲಿಸಿ ಮತ್ತೆ ತನ್ನಿ.

ತಾಳದ ವಿಷಯಕ್ಕೆ ಬಂದರೆ, ಪೆಟ್ಟುಗಳನ್ನು ಸಾಲಾಗಿ ಜೋಡಿಸಿ ತಾನಾಗಿ ನುಡಿಸುವ ಸೀಕ್ವೆನ್ಸರ್ ಹೆಚ್ಚಿನ ಆ್ಯಪುಗಳಲ್ಲಿ ನಾಲ್ಕರ ಎಣಿಕೆಗೆ ಕಟ್ಟಿಬಿದ್ದಿದೆ. ಆ ನಾಲ್ಕರ ಗುಂಪೇ ಬಾರ್. ಆದಿತಾಳಕ್ಕೆ ಎರಡು ಬಾರ್ ಸಾಕು. ಆದರೆ ಮಿಶ್ರಚಾಪು, ತ್ರಿವುಡೆ ಎರಡೂ ಏಳರ ಎಣಿಕೆ, ಝಂಪೆ ಹತ್ತರದು. ಬಾರಿನ ಉದ್ದ ಬದಲಿಸಲು ಬಿಡುವ ಆ್ಯಪು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಪ್ಯಾಟರ್ನಿನ ಉದ್ದವನ್ನು ಏಳು ಬಾರ್ ಮಾಡಿ: 28 ಎಣಿಕೆ, ಅಂದರೆ ಏಳರ ನಾಲ್ಕು ಆವರ್ತ ಸರಿಯಾಗಿ ಕೂರುತ್ತದೆ. ಝಂಪೆಗೆ ಐದು ಬಾರ್, ಎರಡು ಆವರ್ತ. ಉದ್ದವನ್ನು 1, 2, 4, 8 ಎಂದು ಮಾತ್ರ ಕೊಡುವ ಆ್ಯಪನ್ನು ಅಲ್ಲಿಗೇ ಬಿಡಿ. ಎಣಿಕೆ ಹೊಡೆಯುವ ಮೆಟ್ರೊನೋಮ್ ಮಾತ್ರ ಬಾರಿನ ಮೊದಲ ಎಣಿಕೆಗೇ ಜೋರಾಗಿ ಹೊಡೆಯುತ್ತಿರುತ್ತದೆ, ಅದನ್ನು ಮುಚ್ಚಿ ನಿಮ್ಮದೇ ತಾಳದ ಸದ್ದೊಂದನ್ನು ಪ್ಯಾಡಿಗೆ ಹಾಕಿಕೊಳ್ಳುವುದೇ ಮೇಲು.

ಒಳಗೆ ಹೊರಗೆ ಹೋಗುವ ದಾರಿ: ಫೋನಿನ ಫೋಲ್ಡರಿನಿಂದ ವೇವ್ ಫೈಲ್ ತರಲು ಬರಬೇಕು, ಮಾಡಿದ್ದನ್ನು ಪ್ರತಿ ಟ್ರ್ಯಾಕೂ ಬೇರೆ ಬೇರೆ ವೇವ್ ಫೈಲಾಗಿ ಹೊರಗೆ ಕಳಿಸಲೂ ಬರಬೇಕು. ಎಂಪಿ3 ಒಂದೇ ಕೊಡುವುದಾದರೆ ಮುಂದೆ ಕಂಪ್ಯೂಟರಿನಲ್ಲಿ ಮಿಕ್ಸ್ ಮಾಡುವಾಗ ಕೈಕಟ್ಟಿದಂತೆ. ಇನ್ನೊಂದು, ಆ್ಯಪು ಸದ್ದುಗಳನ್ನು ತನ್ನದೇ ಒಳಕೋಣೆಯಲ್ಲಿ ಇಟ್ಟುಕೊಂಡಿದ್ದರೆ ಅನ್‌ಇನ್‌ಸ್ಟಾಲ್ ಮಾಡಿದ ಕ್ಷಣ ಅವೂ ಹೋಗುತ್ತವೆ. ಮೂಲ ರೆಕಾರ್ಡಿಂಗುಗಳನ್ನು ಬೇರೆ ಫೋಲ್ಡರಿನಲ್ಲೋ ಮೆಮೊರಿ ಕಾರ್ಡಿನಲ್ಲೋ ಇಟ್ಟೇ ಶುರು ಮಾಡಿ.

ಇನ್ನು ಮಳೆಗಾಲದ ಪರೀಕ್ಷೆ. ಏರೋಪ್ಲೇನ್ ಮೋಡ್ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಹಳೆಯ ಕೆಲಸ ತೆರೆಯಿತೇ, ಉಳಿಸಲು ಬಂತೇ, ವೇವ್ ಹೊರಗೆ ಬಂತೇ ನೋಡಿ. ಲಾಗಿನ್ ಕೇಳಿದರೆ, ಚಂದಾ ಪರಿಶೀಲಿಸುತ್ತಿದ್ದೇನೆ ಎಂದು ಸುತ್ತುತ್ತಾ ನಿಂತರೆ, ಆಗುಂಬೆ ಕಡೆಯವರಿಗಂತೂ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಗ ಹಾಕಿದ ಪೆಟ್ಟಿಗೆ.

ಹೆಸರು ಹೇಳಿ ಎಂದರೆ: ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಸಿಗುವುದರಲ್ಲಿ ಮೊದಲು ನೋಡಬೇಕಾದ್ದು ಕೋಆಲಾ ಸ್ಯಾಂಪ್ಲರ್. 64 ಪ್ಯಾಡ್, ಮೈಕಿನಿಂದ ನೇರ ರೆಕಾರ್ಡಿಂಗ್, ನುಡಿಸಿದ್ದನ್ನೇ ಮತ್ತೆ ಸ್ಯಾಂಪಲ್ ಮಾಡಿಕೊಳ್ಳುವ ಅನುಕೂಲ ಎಲ್ಲ ಇದೆ, ಮುಂದುವರಿದ ಸಲಕರಣೆಗಳಿಗೆ ಆ್ಯಪಿನೊಳಗೇ ಪ್ರತ್ಯೇಕ ಹಣ ಕೊಡಬೇಕು. ಪೂರ್ತಿ ಹಾಡನ್ನೇ ಟ್ರ್ಯಾಕು ಟ್ರ್ಯಾಕಾಗಿ ಕಟ್ಟುವವರಿಗೆ ಎಫ್‌ಎಲ್ ಸ್ಟುಡಿಯೋ ಮೊಬೈಲ್ ಹೊಂದುತ್ತದೆ, ಆದರೆ ಪ್ಯಾಡ್ ಕುಟ್ಟುವ ಖುಷಿ ಅದರಲ್ಲಿ ಕಡಿಮೆ. ಬ್ಯಾಂಡ್‌ಲ್ಯಾಬ್ ಉಚಿತ, ಆದರೆ ಖಾತೆ ಬೇಕು, ಕೆಲಸವೆಲ್ಲ ಕ್ಲೌಡಿಗೆ ಹೊಂದಿಕೊಂಡದ್ದು. ಶಿವಮೊಗ್ಗ ಪೇಟೆಯೊಳಗೆ ಸರಿ, ಘಟ್ಟದಂಚಿನ ಹಳ್ಳಿಗೆ ಯೋಚಿಸಿ. ಐಫೋನ್ ಇದ್ದವರು ಹಣ ಕೊಡುವ ಮುನ್ನ ಗ್ಯಾರೇಜ್‌ಬ್ಯಾಂಡಿನ ಉಚಿತ ಸ್ಯಾಂಪ್ಲರನ್ನೇ ಒಂದು ವಾರ ಬಳಸಿ. ಕಂಪ್ಯೂಟರಿನಲ್ಲಿ ಏಬಲ್ಟನ್ ಲೈವ್ ಬಳಸುವವರಿಗೆ ಏಬಲ್ಟನ್ ನೋಟ್ ಸಹಜ ಜೋಡಿ, ಅದು ಆ್ಯಪಲ್ ಸಾಧನಗಳಿಗೆ ಮಾತ್ರ. ಐಪ್ಯಾಡಿಗೆಂದೇ ಇರುವ ಸ್ಯಾಂಪ್ಲರ್ ಹೆಸರಿನದ್ದೇ ಆ್ಯಪೊಂದಿದೆ: ಸ್ಯಾಂಪ್ಲ್‌ರ್. ಪ್ಯಾಡುಗಳಿಗೆ ಬದಲು ಅಲೆಯ ಚಿತ್ರದ ಮೇಲೇ ಬೆರಳಾಡಿಸಿ ನುಡಿಸುವುದು, ಜೀರುಂಡೆ, ಮಳೆಯಂಥ ಹರಿಯುವ ಸದ್ದುಗಳಿಗೆ ಹೇಳಿ ಮಾಡಿಸಿದ್ದು. ಆ್ಯಪಲ್ ಸಾಧನಗಳಲ್ಲಿ ಎಯುವಿ3 ಬೆಂಬಲ ಇದೆಯೇ ನೋಡಿ, ಇದ್ದರೆ ಒಂದು ಆ್ಯಪನ್ನು ಇನ್ನೊಂದರೊಳಗೆ ಓಡಿಸಬಹುದು. ಆಂಡ್ರಾಯ್ಡಿನಲ್ಲಿ ಆ ಸೌಕರ್ಯ ಇಲ್ಲದ್ದರಿಂದ ಒಂದೇ ಆ್ಯಪಿನಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎನ್ನುವುದು ಮುಖ್ಯ.

ಗಾಜಿನ ಪರದೆಗೆ ಮೆಲ್ಲನೆ, ಜೋರು ಎಂಬ ವ್ಯತ್ಯಾಸ ತಿಳಿಯದು. ಅದು ಬೇಕೆಂದರೆ ಪೆಟ್ಟಿನ ಬಲವನ್ನೂ ಆ್ಯಪಿಗೆ ತಿಳಿಸುವ ಯುಎಸ್‌ಬಿ ಮಿಡಿ ಪ್ಯಾಡೊಂದನ್ನು ಒಟಿಜಿ ಕೇಬಲಿನಿಂದ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ತಂತಿ) ಜೋಡಿಸಿ. ಆಂಡ್ರಾಯ್ಡ್ 6ರಿಂದ ಮಿಡಿ ಬೆಂಬಲವಿದೆ, ಆದರೆ ಆ್ಯಪು ಅದನ್ನು ಓದಬೇಕು, ಕೊಳ್ಳುವ ಮೊದಲು ವಿವರಣೆಯಲ್ಲಿ ಹುಡುಕಿ.

ಹಳೆಯ ಕ್ಯಾಸೆಟ್ಟಿನಿಂದ ಯಕ್ಷಗಾನದ ಪದವನ್ನೋ ಭಾವಗೀತೆಯ ಸಾಲನ್ನೋ ಎತ್ತುವ ಆಸೆ ಎಲ್ಲರಿಗೂ ಬರುತ್ತದೆ. ಮನೆಯಲ್ಲಿ ಕಲಿಯಲು ಮಾಡಿ, ಹೊರಗೆ ಬಿಡುವುದಾದರೆ ಅನುಮತಿ ಬೇಕು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ, ಸಾಹಿತ್ಯದ ಹಕ್ಕು ಬರೆದವರು ತೀರಿದ ಮೇಲೂ 60 ವರ್ಷ. ಡೊಳ್ಳಿನ ತಂಡವನ್ನು ರೆಕಾರ್ಡ್ ಮಾಡುವಾಗಲೂ ಮೊದಲು ಕೇಳಿ, ಎಲ್ಲಿ ಬಳಸುತ್ತೀರಿ ಎಂದು ಹೇಳಿ.

ಗೂಗಲ್ ಪ್ಲೇಯಲ್ಲಿ ಕೊಂಡ ಆ್ಯಪಿಗೆ 48 ಗಂಟೆಯೊಳಗೆ ಹಣ ವಾಪಸ್ ಕೇಳಲು ಅವಕಾಶವಿದೆ. ಹಾಗಾಗಿ ಐದು ಸದ್ದು ಕೈಯಲ್ಲಿಟ್ಟುಕೊಂಡೇ ಕೊಳ್ಳಿ, ಮೇಲಿನ ಪರೀಕ್ಷೆಗಳನ್ನೆಲ್ಲ ಆ ಎರಡು ದಿನದಲ್ಲಿ ಮುಗಿಸಿ. ಹಿಡಿಸಿದರೆ, ಮನೆಯಲ್ಲಿ ಬಿದ್ದಿರುವ ಹಳೆಯ ಫೋನೊಂದಕ್ಕೆ ಅದೇ ಖಾತೆಯಿಂದ ಆ್ಯಪ್ ಹಾಕಿ ಅಲ್ಲೂ ತಡ ಅಳೆದು ನೋಡಿ. ತಂತಿಯ ಇಯರ್‌ಫೋನಿನ ತೂತು ಇರುವ ಹಳೆಯ ಫೋನುಗಳು ಈ ಕೆಲಸಕ್ಕೆ ಅನುಕೂಲ. ಸಿಮ್ ತೆಗೆದು, ಆ್ಯಪಿನ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ, ಅದನ್ನು ಸ್ಯಾಂಪ್ಲರಿಗೇ ಮೀಸಲಿಟ್ಟರೆ ನುಡಿಸುವ ನಡುವೆ ಫೋನು ಬಂದು ಎಲ್ಲ ನಿಲ್ಲುವ ಗೋಜೂ ಇರುವುದಿಲ್ಲ.